ಹೊಳೆಯದ ಅಚ್ಚು

ನನ್ನ ಬಲಗಾಲಿನ ಚಪ್ಪಲಿ ಕರಗುತ್ತಿತ್ತು.

ಮೊದಲು ವಾಸನೆ ಬಂತು. ರಬ್ಬರ್ ಸುಟ್ಟ ವಾಸನೆ. ಆಮೇಲೆ ಅಂಗಾಲಿಗೆ ಬಿಸಿ ತಾಗಿತು.

ಮಾನ್ವಿಯ ರೈಸ್ ಮಿಲ್ಲುಗಳ ಹಿತ್ತಿಲನ್ನು ನೀವು ನೋಡಿರಲಿಕ್ಕಿಲ್ಲ. ಬಾಯ್ಲರಿನಲ್ಲಿ ಭತ್ತದ ಹೊಟ್ಟು ಉರಿಸುತ್ತಾರೆ. ಉಳಿದ ಬೂದಿಯನ್ನು ಹಿಂದೆ ಗುಡ್ಡ ಹಾಕಿರುತ್ತಾರೆ. ಮೇಲಿನಿಂದ ನೋಡಿದರೆ ತಣ್ಣಗೆ, ಮೆತ್ತಗೆ ಕಾಣುತ್ತದೆ. ಒಂದು ಮೊಳ ಕೆಳಗೆ ಕೆಂಡ. ಗೊತ್ತಿಲ್ಲದೆ ಕಾಲಿಟ್ಟವನು ಮೊಣಕಾಲವರೆಗೆ ಇಳಿದುಹೋಗುತ್ತಾನೆ... ಆ ಕಾಲು ಮತ್ತೆ ಕೆಲಸಕ್ಕೆ ಬರುವುದಿಲ್ಲ.

ನಾನು ಆ ಗುಡ್ಡದ ಅಂಚಿನಲ್ಲಿ ನಿಂತಿದ್ದೆ.

ಎದುರಿಗೆ ಮಲ್ಲೇಶ. ಮಿಲ್ಲಿನ ಮಾಲೀಕನ ಬಂಟ. ಕೈಯಲ್ಲಿ ಬೂದಿ ಎಳೆಯುವ ಉದ್ದನೆಯ ಸಲಿಕೆ. ಅದರ ಅಂಚು ನನ್ನ ಎದೆಗೆ ಒತ್ತಿತ್ತು.

"ಹಿಂದಕ್ಕ ಸರಿ," ಅಂದ.

"ಜಾಗ ಇಲ್ಲಪಾ."

"ಅದ. ಸರಿ."

ಆಚೆ ತಗಡಿನ ನೆರಳಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಶಂಭುಲಿಂಗಪ್ಪ ಸಾವ್ಕಾರ ಕೂತಿದ್ದ. ಮಿಲ್ಲು ಅವನದು. ಸೋಲಾರ್ ಪ್ಯಾನೆಲ್ಲಿನ ಏಜೆನ್ಸಿಯೂ ಅವನದು. ಹಣೆಯ ಮೇಲೆ ಗೆರೆ ಎಳೆದ ಹಾಗೆ ವಿಭೂತಿ. ಮಾತು ಬೆಣ್ಣೆ. ಬೆಣ್ಣೆಯಂಥ ಮಾತಿನವರ ಹತ್ತಿರ ನಾನು ಯಾವಾಗಲೂ ಹುಷಾರಾಗಿರುತ್ತೇನೆ. ಅವತ್ತು ಆಗಿರಲಿಲ್ಲ, ಅಷ್ಟೆ.

"ಸಮೀಸಾಬ್, ಕಂಪೌಂಡ್ ಜಿಗಿದು ಬಂದಿ. ಏನ್ ಹುಡುಕಾಕತ್ತಿದ್ದಿ ನಮ್ಮ ಮಿಲ್ಲಿನ್ಯಾಗ?"

"ನಮ್ಮ ಹುಡುಗೀದೊಂದು ತಾಟು ಕಳದದ ರೀ."

"ಎಂಥಾ ತಾಟು?"

"ನಿಮಗ ಗೊತ್ತಿರೋ ಅಂಥಾದ್ದೇ."

ಸಾವ್ಕಾರ ನಕ್ಕ. ಸಲಿಕೆ ಇನ್ನಷ್ಟು ಒತ್ತಿತು. ಹಿಮ್ಮಡಿ ಬೂದಿಯೊಳಗೆ ಇಳಿಯಿತು...

ನನ್ನ ಹೆಸರು ಸಮೀಉಲ್ಲಾ. ವಯಸ್ಸು ಐವತ್ತು ದಾಟಿ ಬಹಳ ದಿನವಾಯಿತು. ಸಕ್ಕರೆ ಕಾಯಿಲೆ ಇದೆ, ಮಂಡಿ ಸವೆದಿದೆ. ರಾಯಚೂರಿನಲ್ಲಿ ಕಳೆದದ್ದನ್ನು ಹುಡುಕಿಕೊಡುವುದೇ ನನ್ನ ಕಸುಬು. ಪಂಪ್‌ಸೆಟ್ಟು, ಟ್ರ್ಯಾಕ್ಟರ್ ಬ್ಯಾಟರಿ, ಸರಕಿನ ಸಮೇತ ಮಾಯವಾದ ಲಾರಿ. ಪೊಲೀಸ್ ಠಾಣೆ ಮೆಟ್ಟಿಲು ಹತ್ತಲು ಮನಸ್ಸಿಲ್ಲದವರು ನನ್ನ ಬಾಗಿಲಿಗೆ ಬರುತ್ತಾರೆ. ಹೊಡೆಸಿಕೊಂಡಿದ್ದೇನೆ, ಹೊಡೆದಿದ್ದೇನೆ. ಸಾಕಾಗಿದೆ. ಖರೇ ಹೇಳುತ್ತೇನೆ, ಆ ಬೂದಿಯ ಮೇಲೆ ನಿಂತಾಗ ನನಗೆ ಹೆದರಿಕೆಗಿಂತ ಸುಸ್ತೇ ಹೆಚ್ಚಾಗಿತ್ತು. ಎಲ್ಲಾದರೂ ಕೂತರೆ ಸಾಕು ಅನ್ನಿಸಿತ್ತು. ಕೂರುವ ಜಾಗ ಮಾತ್ರ ಅದಾಗಿರಲಿಲ್ಲ.

ಈ ಕೆಲಸಕ್ಕೆ ಫೀಸೂ ಇರಲಿಲ್ಲ. ಕಳೆದುಕೊಂಡವಳು ನನ್ನ ಅಕ್ಕನ ಮಗಳು.

ಹಿಂದಿನ ದಿನ ಅಕ್ಕ ಗುಲ್ಶನ್ ಬೇಗಂ ಫೋನ್ ಮಾಡಿದ್ದಳು. ಮಾತಿಗಿಂತ ಅಳುವೇ ಜಾಸ್ತಿ. ಹೋದೆ. ಅವಳ ಮಗಳು ಉಮ್ಮೇ ಕುಲ್ಸುಮ್ ಅಡುಗೆಮನೆಯ ನೆಲದ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ಯರಗೇರಾದ ದಾರಿಯಲ್ಲಿ ಒಂದು ಸಣ್ಣ ಲ್ಯಾಬ್ ಇದೆ, ಅಲ್ಲಿ ಸೋಲಾರ್ ಸೆಲ್ಲಿನ ಮೇಲೆ ಸಂಶೋಧನೆ ಮಾಡುತ್ತಾಳೆ. ಹುಡುಗಿ ಗಟ್ಟಿ. ಅವಳಪ್ಪ ತೀರಿಹೋದ ದಿನವೂ ಅಷ್ಟು ಸೋತು ಕೂತಿರಲಿಲ್ಲ.

ನಾವು ಮನೆಯಲ್ಲಿ ಆಡುವುದು ದಖ್ನಿ. ನಿಮಗಾಗಿ ಕನ್ನಡ ಮಾಡಿ ಹೇಳುತ್ತಿದ್ದೇನೆ.

ಲ್ಯಾಬಿನ ಕಪಾಟಿನಿಂದ ಒಂದು ನಿಕ್ಕಲ್ ತಾಟು ಕಳುವಾಗಿತ್ತು. ಅಂಗೈ ಅಗಲ. ಅದು ಅವಳ ವರ್ಷಗಳ ದುಡಿಮೆ. ಕಪಾಟಿನ ಕೀಲಿ ಅವಳ ಕೈಯಲ್ಲೇ ಇತ್ತು. ಗುರುವಾರ ದೆಹಲಿಯಿಂದ ತಜ್ಞರು ನೋಡಲು ಬರುವವರಿದ್ದರು. ಅಷ್ಟರೊಳಗೆ ತಾಟು ಬರದಿದ್ದರೆ ಕೆಲಸ ಬಂದ್. ಅಷ್ಟೇ ಅಲ್ಲ, ಕಳ್ಳತನದ ದೂರು ನಿನ್ನ ಹೆಸರಿಗೇ ಅಂತ ಲ್ಯಾಬಿನ ಮುಖ್ಯಸ್ಥರು ಮುಖಕ್ಕೆ ಹೇಳಿದ್ದರು.

ಅಂಥಾದ್ದು ಏನಿದೆ ಅದರಲ್ಲಿ ಅಂತ ಕೇಳಿದೆ.

ಸೋಲಾರ್ ಪ್ಯಾನೆಲ್ಲಿಗೆ ಬೀಳುವ ಬಿಸಿಲೆಲ್ಲ ಒಳಗೆ ಹೋಗುವುದಿಲ್ಲವಂತೆ. ಒಂದಷ್ಟು ಪಾಲು ಕನ್ನಡಿಗೆ ಬಿದ್ದ ಹಾಗೆ ಬಿದ್ದು ವಾಪಸ್ ಹೋಗುತ್ತದೆ. ಅದು ದಂಡ. ಅದನ್ನು ತಡೆಯಬೇಕು.

"ಮಾಮೂ, ಬಾಗಿಲಾಗ ಹೊಸ್ತಿಲ ಇದ್ದ್ರ ಕಾಲು ಎಡವ್ತದ. ಹೊಸ್ತಿಲ ತಗದು ಇಳಿಜಾರು ಮಾಡಿದ್ರ? ಒಳಗ ಬಂದದ್ದೇ ಗೊತ್ತಾಗಂಗಿಲ್ಲ. ನಾನು ಬೆಳಕಿಗೆ ಅಂಥಾ ಇಳಿಜಾರು ಮಾಡೀನಿ."

ಆ ತಾಟಿನ ಮೈತುಂಬ ಸೂಕ್ಷ್ಮ ಮೊನೆಗಳು. ಒಂದು ಕೂದಲನ್ನು ನೂರಾರು ಸೀಳು ಮಾಡಿದರೆ ಒಂದು ಸೀಳು ಎಷ್ಟು ದಪ್ಪವೋ ಅಷ್ಟೇ ಒಂದೊಂದು ಮೊನೆ. ನ್ಯಾನೋ ಅಂದಳು. ದೀಪಕ್ಕೆ ಬರುವ ಪತಂಗದ ಕಣ್ಣಿನ ಮೇಲೆ ಇಂಥ ಮೊನೆಗಳೇ ಇರುತ್ತವಂತೆ. ಆ ಕಣ್ಣು ಮಿಂಚುವುದಿಲ್ಲ. ತಾಟು ಒಂದು ಅಚ್ಚು. ಅದನ್ನು ತೆಳ್ಳನೆಯ ಫಿಲ್ಮಿನ ಮೇಲೆ ಒತ್ತಿ, ಆ ಫಿಲ್ಮನ್ನು ಪ್ಯಾನೆಲ್ಲಿನ ಗಾಜಿಗೆ ಅಂಟಿಸಿದರೆ ಬೆಳಕು ವಾಪಸ್ ಹೋಗುವುದನ್ನು ಮರೆತುಬಿಡುತ್ತದೆ. ಅದೇ ಪ್ಯಾನೆಲ್, ಅದೇ ಬಿಸಿಲು, ಕರೆಂಟ್ ಮಾತ್ರ ಜಾಸ್ತಿ.

"ನೋಡಾಕ ಹ್ಯಾಂಗದ ಅದು?"

"ಕರ್ರಗ, ಮಸಿ ಹಿಡಿದಂಗ. ಅದಕ್ಕ ಬಿದ್ದ ಬೆಳಕು ತಿರುಗಿ ಬರಂಗಿಲ್ಲ ಮಾಮೂ. ಹೊಳೀಲಾರದ್ದಕ್ಕೇ ಅದರ ಕಿಮ್ಮತ್ತು."

ಈ ಮಾತು ನೆನಪಿಟ್ಟುಕೊಳ್ಳಿ. ನಾನು ಇಟ್ಟುಕೊಂಡಿದ್ದೆ, ಅದಕ್ಕೇ ಬದುಕಿದೆ.

ಕಳ್ಳನನ್ನು ಹುಡುಕುವುದು ಕಷ್ಟವಾಗಲಿಲ್ಲ. ಅವಳ ಜೊತೆ ಕೆಲಸ ಮಾಡುವ ಮುದಸ್ಸಿರ್ ಅಂತ ಒಬ್ಬನಿದ್ದ. ಸಂಜೆ ಅವನು ತೀನ್ ಕಂದೀಲ್ ಸರ್ಕಲ್ ಹತ್ತಿರದ ಹೋಟೆಲಿನಲ್ಲಿ ಕೂರುತ್ತಾನೆ ಅಂತ ಕುಲ್ಸುಮ್ ಹೇಳಿದ್ದಳು. ಹೋಗಿ ಪಕ್ಕದಲ್ಲಿ ಕೂತೆ. ಎರಡು ಚಹಾ ಹೇಳಿದೆ. ಏನೂ ಕೇಳಲಿಲ್ಲ. ನನ್ನ ಕಸುಬಿನಲ್ಲಿ ಇದೊಂದೇ ವಿದ್ಯೆ. ತಪ್ಪು ಮಾಡಿದವನಿಗೆ ಸುಮ್ಮನೆ ಕೂತವರನ್ನು ಕಂಡರೆ ತಡೆದುಕೊಳ್ಳಲಾಗುವುದಿಲ್ಲ.

ಚಹಾ ಮುಗಿಯುವ ಹೊತ್ತಿಗೆ ಬಾಯಿ ಬಿಟ್ಟ. ಮಾನ್ವಿಯ ಶಂಭುಲಿಂಗಪ್ಪ ಫ್ಯಾಕ್ಟರಿ ಹಾಕುತ್ತೇನೆ, ನಿನ್ನನ್ನು ಪಾರ್ಟ್ನರ್ ಮಾಡಿಕೊಳ್ಳುತ್ತೇನೆ ಅಂದಿದ್ದನಂತೆ. ಇವನು ನಂಬಿ, ಕುಲ್ಸುಮ್‌ಳ ಕೀಲಿ ಎಗರಿಸಿ ತಾಟು ತೆಗೆದು ಕೊಟ್ಟ. ಆ ಫಿಲ್ಮಿನಿಂದ ಮತ್ತೆ ತಾಟು ತೆಗೆಯಬಹುದು, ಬೇರೆ ಯಾರೂ ತೆಗೆಯಬಾರದು ಅಂತ ಲ್ಯಾಬಿನಲ್ಲಿದ್ದ ಫಿಲ್ಮಿನ ತುಂಡುಗಳನ್ನೆಲ್ಲ ಸುಟ್ಟುಹಾಕಿದ. ಕೊಟ್ಟ ಮೇಲೆ ಗೊತ್ತಾಯಿತು, ಫ್ಯಾಕ್ಟರಿಯೂ ಇಲ್ಲ, ಪಾರ್ಟ್ನರೂ ಇಲ್ಲ. ಸಾವ್ಕಾರ ಅದನ್ನು ಹೈದರಾಬಾದಿನ ಒಬ್ಬನಿಗೆ ಮಾರುವವನಿದ್ದ. ಮರುದಿನವೇ.

ಅದಕ್ಕೇ ನಾನು ಮಾನ್ವಿಗೆ ಬಂದೆ, ಕಂಪೌಂಡ್ ಜಿಗಿದೆ. ಈ ಮಂಡಿ ಇಟ್ಟುಕೊಂಡು! ಬೂದಿಗೆ ಬಂದು ನಿಂತೆ.

"ಕಡೀ ಸಲ ಕೇಳಾಕತ್ತೀನಿ," ಸಾವ್ಕಾರ ಅಂದ. "ಯಾರ್ ಕಳಿಸ್ಯಾರ ನಿನ್ನ?"

ಹಿಮ್ಮಡಿ ಬೇಯುತ್ತಿತ್ತು. ಸುಳ್ಳು ಹೆಣೆಯಲು ತಲೆ ಓಡಲಿಲ್ಲ. ಅವನು ಅಕ್ಕಿ ವ್ಯಾಪಾರಿ ಅನ್ನುವುದೊಂದು ನೆನಪಾಯಿತು.

"ಸಾವ್ಕಾರ್ರೇ, ನೀವು ಸ್ಯಾಂಪಲ್ ನೋಡಲಾರದ ಚೀಲ ಎತ್ತಸ್ತೀರೇನು?"

"ಇಲ್ಲ."

"ಈ ತಾಟಿನ ಸ್ಯಾಂಪಲ್ ಯಾರ್ ನೋಡ್ಯಾರ? ಮುದಸ್ಸಿರ್ ಕೊಟ್ಟದ್ದು ಅಸಲೀನೋ ನಕಲೀನೋ, ನಿಮಗೇನು ಗೊತ್ತು? ಹೈದರಾಬಾದಿನಾವ ಬಂದು ಮುಖದ ಮ್ಯಾಲ ಒಗದ್ರ?"

ಸಾವ್ಕಾರನ ಕಾಲು ಅಲ್ಲಾಡುವುದು ನಿಂತಿತು. ವ್ಯಾಪಾರಿಗೆ ಜೀವಕ್ಕಿಂತ ಮಾಲಿನ ಚಿಂತೆ. ನಿನಗೆ ಗುರುತು ಹತ್ತುತ್ತದೇನು ಅಂತ ಕೇಳಿದ. ಮಾಡಿದವಳು ನನ್ನ ಅಕ್ಕನ ಮಗಳು ಅಂದೆ.

ಅವನು ಕಣ್ಣು ಸನ್ನೆ ಮಾಡಿದ. ಮಲ್ಲೇಶ ಸಲಿಕೆ ತಗ್ಗಿಸಿದ. ನಾನು ಕಾಲು ಕಿತ್ತುಕೊಂಡೆ. ಚಪ್ಪಲಿ ಅಲ್ಲೇ ಉಳಿಯಿತು.

ಮಿಲ್ಲಿಗೆ ಹತ್ತಿಕೊಂಡೇ ಅವನ ಮನೆ. ನಲ್ಲಿಯ ಕೆಳಗೆ ಕಾಲು ಹಿಡಿದು, ಕುಂಟುತ್ತ ಒಳಗೆ ಹೋದೆ. ಸಾವ್ಕಾರನ ಹೆಂಡತಿ ವಿಜಯಲಕ್ಷ್ಮಿ ನನ್ನ ಕಾಲು ನೋಡಿ ಅಯ್ಯೋ ಅಂದಳು, ಎಣ್ಣೆ ತರಲೇ ಅಂತ ಕೇಳಿದಳು. ಗಂಡನೇ ಸುಡಿಸಿದ್ದು ಅಂತ ಅವಳಿಗೆ ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ.

ದೇವರ ಮನೆಯ ಬಾಗಿಲು ತೆರೆದರು. ಕಣ್ಣು ಕೋರೈಸಿತು. ಹಿತ್ತಾಳೆ, ತಾಮ್ರ, ಬೆಳ್ಳಿ... ಒಂದಾದರೂ ಮಂಕಾದ ಪಾತ್ರೆ ಇಲ್ಲ. ಲಿಂಗದ ಮುಂದೆ, ಹೂವಿನ ನಡುವೆ ಒಂದು ನಿಕ್ಕಲ್ ತಾಟು. ಅದರ ಮೇಲೆ ಮೂರು ಬೆರಳಿನ ವಿಭೂತಿ. ನಡುವೆ ಕುಂಕುಮ.

ಅದು ಹೊಳೆಯುತ್ತಿತ್ತು!

"ತಂದಾಗ ಒಲಿ ಮ್ಯಾಲಿನ ಹಂಚಿನಂಗಿತ್ರಿ," ವಿಜಯಲಕ್ಷ್ಮಿ ಹೆಮ್ಮೆಯಿಂದ ಹೇಳಿದಳು. "ಲಕ್ಷ್ಮಿ ಬಂದಾಳ ಮನಿಗಿ, ಪೂಜಿಗಿ ಇಡು ಅಂದ್ರು ಇವ್ರು. ಅಂಥಾ ಕರೀದನ್ನ ಹ್ಯಾಂಗಿಡಬೇಕು ದೇವ್ರ ಮುಂದ? ಹುಣಸಿಹಣ್ಣು ಹಚ್ಚಿ, ನಮ್ಮ ಮಿಲ್ಲಿನ ಬೂದಿ ಹಾಕಿ ತಿಕ್ಕೀನ್ರಿ. ಎರಡು ಸಲಕ್ಕ ಬಿಡ್ಲಿಲ್ಲ. ಮೂರನೇದಕ್ಕ ನೋಡ್ರಿ, ಬೆಳ್ಳಿ ಆತು."

ತಾಟನ್ನು ಎತ್ತಿ ನನ್ನ ಕೈಗೆ ಕೊಟ್ಟಳು.

ಅದರಲ್ಲಿ ನನ್ನ ಮುಖ ಕಾಣಿಸಿತು.

ಮುದಿ ಮುಖ. ಬೆವರು, ಬೂದಿ, ಕಣ್ಣ ಕೆಳಗೆ ಚೀಲ. ಒಬ್ಬ ಹುಡುಗಿಯ ವರ್ಷಗಟ್ಟಲೆ ದುಡಿಮೆ ಒಂದು ಹಿಡಿ ಹುಣಸೆಹಣ್ಣಿಗೆ ಹೋಗಿತ್ತು. ಯಾರನ್ನು ಬೈಯಲಿ? ನನ್ನ ತಾಯಿಯಾದರೂ ಹಾಗೇ ತಿಕ್ಕುತ್ತಿದ್ದಳು. ಈ ಸೀಮೆಯಲ್ಲಿ ಮಸಿ ಹಿಡಿದ ತಾಟನ್ನು ಹಾಗೇ ಬಿಡುವ ಹೆಂಗಸು ಇನ್ನೂ ಹುಟ್ಟಿಲ್ಲ. ನನಗೆ ಅಲ್ಲೇ ಕುಸಿದು ಕೂತು ಅಳಬೇಕು ಅನ್ನಿಸಿತು.

"ಏನಂತಿ?" ಸಾವ್ಕಾರ ಕೇಳಿದ.

"ಅಸಲಿ ಅದ ರೀ," ಅಂದೆ. "ನಮ್ಮ ಹುಡುಗಿ ಮಾಡಿದ್ದೇ."

ಸುಳ್ಳು ಹೇಳಲಿಲ್ಲ ನೋಡಿ.

ಅಷ್ಟರಲ್ಲಿ ಗೇಟಿನಲ್ಲಿ ಕಾರಿನ ಹಾರ್ನ್. ಹೈದರಾಬಾದಿನವನು ಬಂದಿದ್ದ. ಸಾವ್ಕಾರ ತಾಟನ್ನು ಎದೆಗೆ ಅವಚಿಕೊಂಡ. ಇನ್ನೊಮ್ಮೆ ಈ ಕಡೆ ಕಂಡರೆ ಬೂದಿಯೊಳಗೆ ಹೂಳಿಸುತ್ತೇನೆ ಅಂತ ಅದೇ ಬೆಣ್ಣೆ ದನಿಯಲ್ಲಿ ಹೇಳಿ ಕಳಿಸಿದ. ಆ ಗಿರಾಕಿ ಬಿಸಿಲಿಗೆ ಹಿಡಿದು ನೋಡುವವರೆಗೆ ಮಾತ್ರ ನನ್ನ ಆಯುಷ್ಯ. ಕಂಪೌಂಡಿನ ಹೊರಗೆ ನಿಲ್ಲಿಸಿದ್ದ ನನ್ನ ಬೈಕ್ ಹತ್ತಿದೆ. ಬಲಗಾಲಿನಿಂದ ಕಿಕ್ ಹೊಡೆಯುವಾಗ ಕಣ್ಣಿಗೆ ಕತ್ತಲೆ ಬಂತು.

ಊರು ದಾಟಿ ಕಾಲುವೆ ಸೇತುವೆಯ ಹತ್ತಿರ ನಿಂತು ಕುಲ್ಸುಮ್‌ಗೆ ಫೋನ್ ಮಾಡಿದೆ. ಆದದ್ದನ್ನು ಹೇಳಿದೆ.

"ಮಾಮೂ, ಅದರಾಗ ಮುಖ ಕಾಣಸ್ತಾ?"

"ಕಾಣಸ್ತು ಬೇಟಾ."

ಅತ್ತಳು. ಆಮೇಲೆ ಅಳುತ್ತಲೇ ನಕ್ಕಳು. ಹೊಟ್ಟಿನ ಬೂದಿ ಅಂದರೆ ಸಿಲಿಕಾ, ಸೋಲಾರ್ ಸೆಲ್ಲಿನ ಸಿಲಿಕಾನ್ ಹುಟ್ಟುವುದೂ ಸಿಲಿಕಾದಿಂದಲೇ, ಅದೇ ನನ್ನ ತಾಟನ್ನು ತಿಂತಲ್ಲ ಅಂದಳು. ನನಗೆ ಅರ್ಥವಾಗಲಿಲ್ಲ. ಇನ್ನೆಲ್ಲಾದರೂ ಒಂದು ತುಂಡು ಫಿಲ್ಮ್ ಉಳಿದಿದೆಯೇ ಅಂತ ಕೇಳಿದೆ.

ಇತ್ತು. ದೇವದುರ್ಗದಲ್ಲಿ.

ಮಹಾಂತಮ್ಮ ಅಂತ ಒಬ್ಬಾಕೆ ಅಲ್ಲಿ ಜೋಳದ ರೊಟ್ಟಿ ಮಾಡಿ ಮಾರುತ್ತಾಳೆ. ಅವಳ ಮಾಳಿಗೆಯ ಮೇಲೆ ಕುಲ್ಸುಮ್ ಪರೀಕ್ಷೆಗೆಂದು ಎರಡು ಸಣ್ಣ ಪ್ಯಾನೆಲ್ ಕೂರಿಸಿದ್ದಳು. ಒಂದಕ್ಕೆ ಫಿಲ್ಮ್ ಅಂಟಿಸಿದ್ದು, ಇನ್ನೊಂದು ಸಾದಾ. ಎರಡರಲ್ಲಿ ಯಾವುದು ಎಷ್ಟು ಕರೆಂಟ್ ಕೊಡುತ್ತದೆ ಅಂತ ನೋಡುವುದಕ್ಕೆ. ಬಿಸಿಲು ಧೂಳು ತಿಂದ ಫಿಲ್ಮ್, ಕೆಟ್ಟೇ ಹೋಗಿರುತ್ತದೆ ಅಂತ ಅವಳು ಅದನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಚೆನ್ನಾಗಿದ್ದರೆ ಅದರಿಂದ ಮತ್ತೆ ಅಚ್ಚು ತೆಗೆಯಬಹುದು.

"ಮುದಸ್ಸಿರ್‌ಗೂ ಇದು ಗೊತ್ತದೇನು?"

"ಆ ಪ್ಯಾನೆಲ್ ಮಾಳಿಗಿಗಿ ಹೊತ್ತದ್ದೇ ಅವ, ಮಾಮೂ."

ಅಂದರೆ ಸಾವ್ಕಾರ ಅವನ ಕುತ್ತಿಗೆ ಹಿಡಿದ ತಕ್ಷಣ ಅದೂ ಹೊರಗೆ ಬರುತ್ತದೆ. ನೀನು ಸಿಕ್ಕ ಬಸ್ ಹತ್ತಿ ದೇವದುರ್ಗಕ್ಕೆ ಬಾ ಅಂತ ಹೇಳಿ ಫೋನ್ ಇಟ್ಟೆ. ಗಾಡಿ ತಿರುಗಿಸಿದೆ.

ಸಿರವಾರ ದಾಟಿದ ಮೇಲೆ ಕನ್ನಡಿಯಲ್ಲಿ ಬಿಳಿ ಬೊಲೆರೊ ಕಾಣಿಸಿತು. ಸ್ಟೀರಿಂಗ್ ಹಿಂದೆ ಮಲ್ಲೇಶ. ಅವನೊಬ್ಬನೇ. ಗಿರಾಕಿ ತಾಟು ಒಗೆದಿರಬೇಕು, ಮುದಸ್ಸಿರ್ ಫೋನಿನಲ್ಲೇ ಬಾಯಿ ಬಿಟ್ಟಿರಬೇಕು. ನನ್ನ ಬೈಕು ನನಗಿಂತ ಮುದಿ. ಎಷ್ಟು ತಿರುವಿದರೂ ಅದರದು ಒಂದೇ ಚಾಲು. ಬೊಲೆರೊ ದೊಡ್ಡದಾಗುತ್ತ ಬಂತು... ಬಂತು... ಹಿಂದಿನ ಮಡ್‌ಗಾರ್ಡಿಗೆ ಒಮ್ಮೆ ತಾಗಿತು! ಬೈಕ್ ಓಲಾಡಿತು. ಎಡಗಡೆ ಕಾಲುವೆ, ಬಲಗಡೆ ಲಾರಿ. ನನಗೆ ಈಜು ಬರುವುದಿಲ್ಲ.

ಆಗ ಎದುರಿಗೆ ಭತ್ತ ಬಂತು.

ಎರಡನೇ ಬೆಳೆ ಕೊಯ್ದ ಸಮಯ. ನಮ್ಮ ಕಡೆ ಡಾಂಬರು ರಸ್ತೆಯೇ ಕಣ. ಮುಕ್ಕಾಲು ರಸ್ತೆಗೆ ಭತ್ತ ಹರವಿ, ಅಂಚಿಗೆ ತಲೆಗಾತ್ರದ ಕಲ್ಲು ಜೋಡಿಸಿದ್ದರು. ಉಳಿದದ್ದು ಬೈಕಿಗಷ್ಟೇ ದಾರಿ. ನಾನು ನುಗ್ಗಿದೆ. ಹಿಂದೆ ಬ್ರೇಕಿನ ಚೀತ್ಕಾರ. ಕನ್ನಡಿಯಲ್ಲಿ ನೋಡಿದೆ. ಮಲ್ಲೇಶ ಇಳಿದು ಕಲ್ಲು ಸರಿಸಲು ಬಗ್ಗಿದ್ದ. ಭತ್ತ ಎಳೆಯುತ್ತಿದ್ದ ಹೆಂಗಸರು ಕೈಯಲ್ಲಿದ್ದದ್ದನ್ನು ಎತ್ತಿಕೊಂಡು ಅವನನ್ನು ಸುತ್ತುವರಿದಿದ್ದರು. ಏನಂದರೋ ಕೇಳಿಸಲಿಲ್ಲ, ಆದರೆ ಆ ಗಟ್ಟಿಗ ಕೈಮುಗಿದದ್ದು ಕಾಣಿಸಿತು.

ಒಂದಷ್ಟು ಹೊತ್ತು ಸಿಕ್ಕಿತು. ಬಹಳವಲ್ಲ.

ಮಹಾಂತಮ್ಮನ ಮನೆ ಹುಡುಕಲು ರೊಟ್ಟಿ ಬಡಿಯುವ ಸದ್ದೇ ಸಾಕಾಯಿತು. ಪಡಸಾಲೆಯಲ್ಲಿ ಹೆಂಗಸರು ಸಾಲಾಗಿ ಕೂತು ರೊಟ್ಟಿ ತಟ್ಟುತ್ತಿದ್ದರು. ಮಹಾಂತಮ್ಮ ಎದ್ದು ಬಂದಳು. ಹಣೆಯ ತುಂಬ ವಿಭೂತಿ. ಕುಲ್ಸುಮ್‌ಳ ಮಾಮಾ ಅಂದೆ. ಬರ್ರಿ ಯಪ್ಪಾ, ಮೊದಲು ನೀರು ಕುಡೀರಿ ಅಂದಳು.

ನೀರಿನ ತಂಬಿಗೆ ಕೈಗೆ ಬಂತು. ತಾಮ್ರದ್ದು. ಫಳಫಳ ಹೊಳೆಯುತ್ತಿತ್ತು.

ಸುತ್ತ ನೋಡಿದೆ. ಕೊಡ ಹೊಳೆಯುತ್ತಿತ್ತು. ಹಿಟ್ಟು ನಾದುವ ಪರಾತ ಹೊಳೆಯುತ್ತಿತ್ತು. ಬಾಗಿಲಿನ ಚಿಲಕ ಕೂಡ ಹೊಳೆಯುತ್ತಿತ್ತು. ಈ ಮನೆಯಲ್ಲಿ ತಿಕ್ಕದೇ ಬಿಟ್ಟ ವಸ್ತು ಒಂದೂ ಇರಲಿಲ್ಲ. ಫಿಲ್ಮನ್ನೂ ತಿಕ್ಕಿಬಿಟ್ಟಿದ್ದರೆ? ನೀರು ಕುಡಿಯದೆ ಮಾಳಿಗೆಯ ಮೆಟ್ಟಿಲು ಹತ್ತಿದೆ. ಸುಟ್ಟ ಕಾಲಿನಿಂದ ಒಂದೊಂದು ಮೆಟ್ಟಿಲಿಗೂ ಒಬ್ಬೊಬ್ಬರನ್ನು ಬೈದುಕೊಂಡೆ.

ಮೇಲೆ ಎರಡು ಪ್ಯಾನೆಲ್. ಒಂದು ಬಿಸಿಲನ್ನು ನೇರ ಕಣ್ಣಿಗೆ ಹೊಡೆಯುತ್ತಿತ್ತು. ಇನ್ನೊಂದು...

ಇನ್ನೊಂದು ಬಾವಿಯಂತೆ ಕಪ್ಪಗಿತ್ತು. ಬಿಸಿಲು ಅದರೊಳಗೆ ಬಿದ್ದು ಮತ್ತೆ ಮೇಲೆ ಬರಲಿಲ್ಲ. ಬಗ್ಗಿ ನೋಡಿದೆ. ನನ್ನ ಮುಖ ಕಾಣಿಸಲಿಲ್ಲ.

ಜೀವನದಲ್ಲಿ ಮೊದಲ ಸಲ ನನ್ನ ಮುಖ ಕಾಣಿಸದ್ದಕ್ಕೆ ಅಲ್ಲಾಹನಿಗೆ ಶುಕ್ರಿಯಾ ಹೇಳಿದೆ.

ಹಿಂದೆಯೇ ಹತ್ತಿ ಬಂದ ಮಹಾಂತಮ್ಮನನ್ನು ಕೇಳಿದೆ.

"ಯವ್ವಾ, ಇದನ್ನ ತಿಕ್ಕಿಲ್ಲ ಅಲಾ ನೀನು?"

"ಕೈ ಕಡೀತಿತ್ತಪಾ," ಅಂದಳು. "ದಿನಾ ಮುಂಜಾನಿ ನೋಡಿದ್ರ ಹೊಟ್ಟಿ ಉರೀತಿತ್ತು. ಆದ್ರ ಆ ಹುಡುಗಿ ಆಣಿ ಹಾಕಿಸ್ಕೊಂಡಾಳ. ಬರೇ ನೀರು ಸುರಿ, ಮುಖಕ್ಕ ಬಟ್ಟಿ ಸೈತ ತಾಗಸಬ್ಯಾಡ ಅಂದಾಳ."

"ಪೂಜಿ?"

ಅವಳು ಪ್ಯಾನೆಲ್ಲಿನ ಹಿಂದೆ ಬೆರಳು ಮಾಡಿದಳು. ಬಗ್ಗಿ ನೋಡಿದೆ. ಬೆನ್ನಿನ ಮೇಲೆ ಪದರು ಪದರಾಗಿ ವಿಭೂತಿ, ಕುಂಕುಮ, ಒಣಗಿದ ಒಂದು ಹೂವು.

"ಮುಖಾ ಮುಟ್ಟಬ್ಯಾಡ ಅಂದಿದ್ಲು. ಬೆನ್ನು ಮುಟ್ಟಬ್ಯಾಡ ಅಂದಿದ್ದಿಲ್ಲ. ದೇವ್ರಿಗಿ ಮುಂದೇನು ಹಿಂದೇನು?"

ಅವಳ ಕಾಲಿಗೆ ಬೀಳಬೇಕು ಅನ್ನಿಸಿತು. ಬಿದ್ದರೆ ಏಳಲಿಕ್ಕಾಗುವುದಿಲ್ಲ ಅಂತ ಸುಮ್ಮನಾದೆ.

ಕೆಳಗೆ ಬೊಲೆರೊ ನಿಂತ ಸದ್ದಾಯಿತು.

ನಟ್ಟು ಬಿಚ್ಚಲು ಸಮಯವಿಲ್ಲ. ಓಡಲು ಕಾಲಿಲ್ಲ. ಮಲ್ಲೇಶನ ಜೊತೆ ಬಡಿದಾಡುವ ವಯಸ್ಸು ಯಾವತ್ತೋ ಕಳೆದಿತ್ತು. ಮೆಟ್ಟಿಲ ಮೇಲೆ ಅವನ ಹೆಜ್ಜೆ. ನಾನು ಮಾಡಿದ್ದು ಒಂದೇ. ಹೊಳೆಯುವ ಪ್ಯಾನೆಲ್ಲಿನ ಮುಂದೆ ಹೋಗಿ, ಎರಡೂ ಕೈ ಚಾಚಿ ಅಡ್ಡ ನಿಂತೆ.

ಮಲ್ಲೇಶ ಮೇಲೆ ಬಂದ. ಕೈಯಲ್ಲಿ ಜಾಕಿಯ ರಾಡು. ಕಪ್ಪು ಪ್ಯಾನೆಲ್ ನೋಡಿದ. ನನ್ನ ಬೆನ್ನ ಹಿಂದೆ ಮಿಂಚುತ್ತಿದ್ದದ್ದನ್ನು ನೋಡಿದ. ಸಾವ್ಕಾರನ ದೇವರ ಮನೆಯಲ್ಲಿ ಆ ತಾಟು ಹೇಗಿತ್ತು ಅನ್ನುವುದನ್ನು ಅವನೂ ನೋಡಿದ್ದ. ಹೊಳಪೇ ಅದನ್ನು ಕೆಡಿಸಿತ್ತು ಅಂತ ಅವನಿಗೆ ಯಾರೂ ಹೇಳಿರಲಿಕ್ಕಿಲ್ಲ.

"ಫಿಲ್ಮ್ ಹಚ್ಚಿದ್ದು ಇದೇ ಏನು?"

"ಮಲ್ಲೇಶ, ಕೈಮುಗಿತೀನಿ. ಇದನ್ನ ಮುಟ್ಟಬ್ಯಾಡ. ಬೇಕಾದ್ರ ಆ ಕರೀದನ್ನ ಒಯ್ಯಿ."

"ಸರಿ ಅತ್ಲಾಗ, ಮುದುಕಾ."

ಆಗ ಮಹಾಂತಮ್ಮ ಬಾಯಿ ಹಾಕಿದಳು. "ತಮ್ಮಾ, ಅದು ಅಲ್ಲ..."

"ಯವ್ವಾ, ಈ ಪ್ಯಾನೆಲ್ ಹೋದ್ರ ಹುಡುಗಿ ಬದುಕಂಗಿಲ್ಲ!" ಅಂತ ನಾನು ಕೂಗಿದೆ.

ಆಕೆ ನನ್ನ ಮುಖ ನೋಡಿದಳು. ಪ್ಯಾನೆಲ್ ನೋಡಿದಳು. ಒಂದು ಕ್ಷಣ. ಮರುಕ್ಷಣ ನೆಲಕ್ಕೆ ಕುಕ್ಕರಿಸಿ ಎದೆ ಬಡಿದುಕೊಂಡು ಶುರು ಹಚ್ಚಿದಳು. ಅಯ್ಯೋ ನನ್ನ ಹೊಳೆಯುವ ಪ್ಯಾನೆಲ್ಲು, ಅಯ್ಯೋ ನನ್ನ ಲಕ್ಷ್ಮಿ! ನಾಟಕ ಕಂಪನಿಯಲ್ಲಿದ್ದಿದ್ದರೆ ಹೆಸರು ಮಾಡುತ್ತಿದ್ದಳು.

ರಾಡು ಮೊದಲು ಭುಜಕ್ಕೆ ಬಿತ್ತು. ನಾನು ಸರಿಯಲಿಲ್ಲ. ಸುಲಭವಾಗಿ ಬಿಟ್ಟುಕೊಟ್ಟರೆ ಅನುಮಾನ ಬರುತ್ತದೆ. ಎರಡನೆಯದು ಪಕ್ಕೆಲುಬಿಗೆ. ಇನ್ನೂ ಸರಿಯಲಿಲ್ಲ. ಮೂರನೆಯ ಏಟಿಗೆ ನಾಟಕ ಮಾಡುವ ಅಗತ್ಯವೇ ಬೀಳಲಿಲ್ಲ, ತಾನಾಗಿಯೇ ಬಿದ್ದೆ. ಬೀಳುವಾಗ ಅನ್ನಿಸಿತು... ಕೊನೆಗೂ ಕೂರಲು ಜಾಗ ಸಿಕ್ಕಿತು.

ಅವನು ಪ್ಯಾನೆಲ್ಲನ್ನು ಸ್ಟ್ಯಾಂಡಿನ ಸಮೇತ ಕಿತ್ತು, ಹೆಗಲಿಗೆ ಹಾಕಿಕೊಂಡು ಇಳಿದ. ಹೋಗುವಾಗ ಅದರ ಬೆಳಕು ಎದುರು ಮನೆಯ ಗೋಡೆಯ ಮೇಲೆಲ್ಲ ಕುಣಿಯಿತು.

ಬೊಲೆರೊ ದೂರವಾದ ಮೇಲೆ ಮಹಾಂತಮ್ಮ ಅಳು ನಿಲ್ಲಿಸಿ, ಕಣ್ಣೊರೆಸಿಕೊಂಡು ಕೇಳಿದಳು. "ಸಾಕಾತೇನಪಾ?"

"ಬೇಕಾದಷ್ಟಾತು ಯವ್ವಾ."

ಸಂಜೆಗೆ ಮುಂಚೆ ಕುಲ್ಸುಮ್ ಬಸ್ಸಿಳಿದು ಓಡಿಬಂದಳು. ಮಾಳಿಗೆ ಹತ್ತಿ, ಕಪ್ಪು ಪ್ಯಾನೆಲ್ಲಿನ ಮುಂದೆ ಮಂಡಿಯೂರಿ ಕೂತು, ಮಗುವಿನ ಮೈಯಿಂದ ಬಟ್ಟೆ ಬಿಡಿಸುವ ಹಾಗೆ ಅಂಚಿನಿಂದ ಫಿಲ್ಮನ್ನು ಬಿಡಿಸಿದಳು. ಧೂಳು ನೀರಿಗೆ ಹೋಗಿತ್ತು. ಮೊನೆಗಳು ಉಳಿದಿದ್ದವು. ಆಮೇಲೆ ನನ್ನ ಕಡೆ ತಿರುಗಿದಳು. ಬಾತುಕೊಂಡ ಭುಜ, ಬೊಬ್ಬೆ ಎದ್ದ ಕಾಲು ನೋಡಿದಳು. ನನ್ನ ಕೈಯನ್ನು ಹಣೆಗೆ ಒತ್ತಿಕೊಂಡು ಬಹಳ ಹೊತ್ತು ಹಾಗೇ ಕೂತಳು. ನನ್ನ ಫೀಸು ಅಷ್ಟೇ, ಸಾಲದು ಅಂತ ನನಗೆ ಯಾವತ್ತೂ ಅನ್ನಿಸಿಲ್ಲ.

ಮುದಸ್ಸಿರ್ ತಾನೇ ಹೋಗಿ ಲ್ಯಾಬಿನ ಮುಖ್ಯಸ್ಥರ ಮುಂದೆ ತಪ್ಪೊಪ್ಪಿಕೊಂಡ. ದೂರು ಅವಳ ಹೆಸರಿನಿಂದ ಅವನ ಹೆಸರಿಗೆ ಹೋಯಿತು. ಸಾವ್ಕಾರನ ಸುದ್ದಿ ಮಾನ್ವಿಯ ಹಮಾಲರ ಬಾಯಿಂದ ಬಂತು. ಮಲ್ಲೇಶ ಬೆವರು ಸುರಿಸಿ ತಂದ ಪ್ಯಾನೆಲ್ಲನ್ನು ಹೈದರಾಬಾದಿನವನು ತಿರುವಿ ನೋಡಿದನಂತೆ. ಹಿಂದೆ ಒಂದು ಸ್ಟಿಕರ್ ಇತ್ತಂತೆ. ಶಂಭುಲಿಂಗಪ್ಪನ ಏಜೆನ್ಸಿಯದೇ. ಅವನ ಅಂಗಡಿಯ ಮಾಲೇ ಅವನಿಗೆ ವಾಪಸ್ ಬಂದಿತ್ತು.

ಕುಲ್ಸುಮ್ ಹಗಲು ರಾತ್ರಿ ಕೂತು ಆ ಫಿಲ್ಮಿನಿಂದ ಹೊಸ ಅಚ್ಚು ತೆಗೆದಳು. ಬುಧವಾರ ಮಧ್ಯಾಹ್ನ ಅದನ್ನು ಮೆತ್ತನೆಯ ಬಟ್ಟೆಯಲ್ಲಿ ಸುತ್ತಿ ಮನೆಗೆ ತಂದಳು. ಲ್ಯಾಬಿನ ಕಪಾಟಿನ ಮೇಲೆ ಅವಳಿಗೆ ನಂಬಿಕೆ ಹೋಗಿತ್ತು. ಒಂದು ರಾತ್ರಿ ಮನೆಯಲ್ಲೇ ಇರಲಿ, ಬೆಳಗ್ಗೆ ದೆಹಲಿಯವರ ಮುಂದೆ ನೇರ ಒಯ್ಯುತ್ತೇನೆ ಅಂದಳು. ಮೇಜಿನ ಮೇಲೆ ಬಿಚ್ಚಿ ನನಗೆ ತೋರಿಸಿದಳು. ಕಪ್ಪಗೆ, ಮಸಿ ಹಿಡಿದ ಹಾಗೆ, ಚೂರೂ ಹೊಳಪಿಲ್ಲ. ಇಷ್ಟು ಚೆಂದದ ವಸ್ತುವನ್ನು ನಾನು ನೋಡಿರಲಿಲ್ಲ. ಆಮೇಲೆ ಹುಡುಗಿ ಕೂತಲ್ಲೇ ನಿದ್ದೆ ಹೋದಳು.

ಅಕ್ಕ ಗುಲ್ಶನ್ ಬೇಗಂ ನನಗೆ ಚಹಾ ತಂದಿಟ್ಟಳು. ಮಗಳ ತಲೆ ಸವರಿದಳು. ಕಣ್ಣು ತುಂಬಿಕೊಂಡು ತಾಟಿನ ಕಡೆ ನೋಡಿದಳು. ನೋಡುತ್ತಲೇ ನಿಂತಳು.

"ಪಾಪ, ಎಷ್ಟು ಕಷ್ಟಪಟ್ಟು ಮಾಡ್ಯಾಳ," ಅಂದಳು. "ನಾಳೆ ದೊಡ್ಡವರ ಮುಂದ ಇಡೋದು... ಇಷ್ಟು ಕರ್ರಗ ಯಾಕದ ಸಮೀ ಇದು?"

ನಾನು ಚಹಾ ಕೆಳಗಿಟ್ಟೆ. ಎದ್ದೆ. ಕುಂಟುತ್ತ ಅಡುಗೆಮನೆಗೆ ಹೋಗಿ ಹುಣಸೆಹಣ್ಣಿನ ಡಬ್ಬಿ ತೆಗೆದುಕೊಂಡು, ಅದನ್ನು ತಲೆಯ ಕೆಳಗಿಟ್ಟುಕೊಂಡು ಬಾಗಿಲಲ್ಲೇ ಮಲಗಿದೆ.